ಬೀಜದ ಅಂಕಿ

ಹೊನ್ನವಳ್ಳಿಯ ವರ್ಷಿಣಿ ತಿಪಟೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಊರಿನ ತೆಂಗು ಬೆಳೆಗಾರರು ಸಂಘ ಕಟ್ಟಿ ಕಾಯಿ ಸುಲಿಯುವ ಯಂತ್ರ ಕೊಂಡಾಗ, ಅದು ಯಾರ ಅಂಗಳಕ್ಕೆ ಮೊದಲು ಹೋಗಬೇಕೆಂಬ ಜಗಳ ಹುಟ್ಟಿತು. ಚೀಟಿ ಎತ್ತಿದ ಹಾಗೆ ಸರದಿ ಹೇಳುವ ಪ್ರೋಗ್ರಾಂ ಬರೆದುಕೊಡು ಎಂದು ಸಂಘದ ಅಧ್ಯಕ್ಷ ಬೆಟ್ಟಸ್ವಾಮಿ ಅವಳನ್ನು ಕೇಳಿದರು. ಅವಳು ಖುಷಿಯಿಂದಲೇ ಬರೆದುಕೊಟ್ಟಳು.

ಮೊದಲ ವರ್ಷ ಅವಳ ಚಿಕ್ಕಪ್ಪ ಜ್ಞಾನೇಶರ ಹೆಸರು ಮೊದಲು ಬಂತು. ಕೆರೆಯಂಚಿನ ಪುಟ್ಟ ತೋಟದ ಅಂಕಮ್ಮನವರದು ಕೊನೆಗೆ. ಅವರ ಸರದಿ ಬರುವಷ್ಟರಲ್ಲಿ ಮಳೆ ಹಿಡಿದು ಕೊಬ್ಬರಿಗೆ ಬೂಷ್ಟು ಬಂತು. ಹಣೆಬರಹ ಅಂದುಕೊಂಡು ಸುಮ್ಮನಾದರು. ಎರಡನೆಯ ವರ್ಷವೂ ಮೊದಲು ಜ್ಞಾನೇಶ, ಕೊನೆಗೆ ಅಂಕಮ್ಮ.

ಅಂಕಮ್ಮ ವರ್ಷಿಣಿಯ ಮನೆಗೇ ಬಂದರು. ಕೂಗಾಡಲಿಲ್ಲ.

"ನಿಮ್ಮನೆಯೋರೇ ಮೊದ್ಲು ಬತ್ತಾರೆ ಅಂತ ಊರೋರು ಆಡ್ಕತಾವ್ರೆ. ನಂಗೆ ನಂಬಕೆ ಮನ್ಸಿಲ್ಲ ಕಣವ್ವ. ನೀನೇ ಹೇಳು."

ವರ್ಷಿಣಿ ಅವರೆದುರೇ ಲ್ಯಾಪ್‌ಟಾಪ್ ತೆರೆದಳು. ಕಂಪ್ಯೂಟರ್ ನಿಜವಾಗಿ ಚೀಟಿ ಎತ್ತುವುದಿಲ್ಲ, ಲೆಕ್ಕ ಹಾಕುತ್ತದೆ. ಒಂದು ಅಂಕಿಯನ್ನು ಬೀಜವಾಗಿ ಕೊಟ್ಟರೆ ಅದರಿಂದ ಮುಂದಿನದು, ಅದರಿಂದ ಇನ್ನೊಂದು, ಹೀಗೆ ಯಾರೂ ಊಹಿಸಲಾಗದಂತೆ ಕಾಣುವ ಸಾಲು ಹುಟ್ಟಿಸುತ್ತದೆ. ಅದೇ ಬೀಜ ಕೊಟ್ಟರೆ ಮತ್ತೆ ಅದೇ ಸಾಲು. ಬರೆಯುವಾಗ ತಪ್ಪು ಹುಡುಕಲು ಸುಲಭವಾಗಲೆಂದು ಅವಳು ಒಂದೇ ಬೀಜ ಕೂರಿಸಿದ್ದಳು. ಆಮೇಲೆ ತೆಗೆಯುವುದನ್ನು ಮರೆತಿದ್ದಳು.

ಅದನ್ನೆಲ್ಲ ಕೇಳಿಸಿಕೊಂಡ ಅಂಕಮ್ಮ, ಇದನ್ನೇ ಎಲ್ಲರ ಮುಂದೆ ಹೇಳು ಎಂದಷ್ಟೇ ಹೇಳಿ ಹೋದರು. ಜ್ಞಾನೇಶ ಮಾತ್ರ ಹೇಳಬೇಡವೆಂದರು. ಹೇಳಿದರೆ ಮನೆಯವರೆಲ್ಲ ಸೇರಿ ಮಾಡಿದ ಮೋಸ ಅಂತಲೇ ಆಗುತ್ತದೆ ಎಂದು ಸಿಟ್ಟಾಗಿ ಮಾತು ಬಿಟ್ಟರು.

ಬೀಜವನ್ನು ಗಡಿಯಾರದ ಹೊತ್ತಿನಿಂದ ತೆಗೆದುಕೊಳ್ಳುವಂತೆ ವರ್ಷಿಣಿ ಪ್ರೋಗ್ರಾಂ ತಿದ್ದಿದಳು. ಸಾವಿರಾರು ಸಲ ಸರದಿ ಎತ್ತಿಸಿ, ಎಲ್ಲರೂ ಹೆಚ್ಚುಕಡಿಮೆ ಒಂದೇ ಸಮನಾಗಿ ಮೊದಲು ಬರುತ್ತಾರೆಯೇ, ಕೊನೆಗೂ ಬರುತ್ತಾರೆಯೇ ಎಂದು ಪರೀಕ್ಷಿಸಿದಳು. ಸರಿಯಾಗಿತ್ತು. ಆದರೂ ಸಮಾಧಾನವಾಗಲಿಲ್ಲ. ಅದು ಸರಿಯೆಂದು ಅವಳಿಗೆ ಗೊತ್ತು, ಊರವರು ಹೇಗೆ ನಂಬಬೇಕು? ಬೀಜ ಅವರಿಂದಲೇ ಬರಲಿ ಅನ್ನಿಸಿತು.

ಸಂಘದ ಸಭೆಯಲ್ಲಿ ತಪ್ಪು ಒಪ್ಪಿಕೊಂಡಳು. ಹಳೆಯ ಸರದಿ ರದ್ದಾಯಿತು. ಒಬ್ಬೊಬ್ಬರೂ ಒಂದೊಂದು ಅಂಕಿ ಹೇಳಿದರು, ಬೆಟ್ಟಸ್ವಾಮಿ ಅವನ್ನು ಗೋಡೆಯ ಹಲಗೆಯ ಮೇಲೆ ಒಂದೇ ಸಾಲಿನಲ್ಲಿ ಬರೆದರು. ಆ ಉದ್ದದ ಅಂಕಿಯನ್ನೇ ಬೀಜವಾಗಿ ಕೊಟ್ಟು ವರ್ಷಿಣಿ ಗುಂಡಿ ಒತ್ತಿದಳು.

ಮೊದಲ ಹೆಸರು ಜ್ಞಾನೇಶರದೇ.

ಬೇರೆ ಅಂಕಿ ಹಾಕಿ ಇನ್ನೊಂದು ಸಲ ಒತ್ತಿಬಿಡಲೇ ಎಂದು ವರ್ಷಿಣಿಗೆ ಆಸೆಯಾಯಿತು. ಬೇಡವೆನಿಸಿದ್ದನ್ನು ಅಳಿಸಿ ಬೇಕಾದದ್ದು ಬರುವತನಕ ಒತ್ತಿದರೆ ಅದೇ ಮೋಸವಲ್ಲವೇ ಎಂದು ಕೈ ಹಿಂದೆಗೆದಳು.

"ನಾವೇ ಕೊಟ್ಟಿದ್ ಅಂಕಿ ಅಲ್ವೇ," ಎಂದರು ಅಂಕಮ್ಮ. "ಬಂದಂಗೆ ಬರ್ಲಿ ಬುಡ್ರಪ್ಪ."

ಸಂಘದಲ್ಲಿ ಎಲ್ಲರಿಗಿಂತ ಹೆಚ್ಚು ಅನುಮಾನಪಟ್ಟಿದ್ದ ಬೆಳೆಗಾರ ಮಲ್ಲೇಶ್, ಹಲಗೆಯ ಮೇಲಿನ ಅಂಕಿಯನ್ನು ತಾನೇ ಮತ್ತೊಮ್ಮೆ ಒತ್ತಿ ನೋಡಿದ. ಅದೇ ಸರದಿ ಬಂತು. ಅಂಕಮ್ಮನವರ ಹೆಸರು ಈ ಸಲ ನಡುವೆಲ್ಲೋ ಇತ್ತು.

ಚಿಕ್ಕಪ್ಪ ಮತ್ತೆ ಮಾತಾಡಿಸಲು ಇನ್ನೂ ಕೆಲವು ವಾರ ಬೇಕಾಯಿತು. ಒಂದು ಸಂಜೆ ತಾವಾಗಿಯೇ ಬಂದು ಜಗಲಿಯ ಮೇಲೆ ಕೂತು ಟೀ ಕೇಳಿದರು.

"ನೀನು ಹೇಳಿದ್ದೇ ಒಳ್ಳೇದಾಯ್ತು ಕಣವ್ವ," ಎಂದರು. "ಈಗ ಮೊದ್ಲು ಬಂದ್ರೂ ತಲೆ ಎತ್ಕಂಡು ಓಡಾಡ್ಬೌದು."