ಸಾಲಿನ ಕೊನೆಯ ಸೈಕಲ್ಲು

ಶಾಲೆಗೆ ಹೋಗುವ ಮಕ್ಕಳ ಸೈಕಲ್ಲಿಗೂ ರಸ್ತೆಯಲ್ಲಿ ಜಾಗ ಬೇಕೆಂದು ಕೇಳುತ್ತ ಚನ್ನಪಟ್ಟಣದಲ್ಲಿ ಭಾನುವಾರಗಳಂದು ಹೊರಡುವ ಸೈಕಲ್ ಜಾಥಾದಲ್ಲಿ ಅಂಕಮ್ಮ ಯಾವಾಗಲೂ ಕಟ್ಟಕಡೆಯವಳು. ಹೊರಡುವ ಮೊದಲು ಎಲ್ಲರ ಟೈರನ್ನೂ ಹಿಸುಕಿ ನೋಡುತ್ತಾಳೆ, ಹುಡುಗಿಯರ ದುಪಟ್ಟಾಗಳನ್ನು ತಾನೇ ಬಿಗಿದು ಕಟ್ಟುತ್ತಾಳೆ, "ಬ್ರೇಕ್ ಐತೇನವ್ವ?" ಎಂದು ಕೇಳಿದವರನ್ನೇ ಮತ್ತೆ ಕೇಳುತ್ತಾಳೆ. ಮೇಲೆ ವಿಮಾನ ಹಾರಿದರೂ "ಎಡಕ್ಕೆ ಬನ್ರೋ!" ಎಂದು ಕೂಗುವವಳೆಂದು ಬೀದಿಯೆಲ್ಲ ನಗುತ್ತದೆ. "ಅಕ್ಕಾ, ಇದು ಜಾಥಾನೋ, ಆಮೆ ಮೆರವಣಿಗೇನೋ?" ಎಂದು ಸಾಲಿನಲ್ಲೇ ಬರುವ ಪಂಕ್ಚರ್ ಅಂಗಡಿಯ ತಿಮ್ಮಯ್ಯ ಕೆಣಕಿದರೆ, "ಆಮೆ ಮನೆ ಸೇರ್ತದೆ ಕಣ್ಲಾ, ನೀನು ಬಾಯ್ ಮುಚ್ಕಂಡು ತುಳಿ" ಎನ್ನುತ್ತಾಳೆ. ಇಷ್ಟು ಹೆದರುವವಳು ಬರುವುದಾದರೂ ಏಕೆ ಎಂದು ಕೇಳುವವರುಂಟು. "ಅಜ್ಜೀ, ನೀನು ಮಧ್ಯದಲ್ಲಿ ಬಾ, ಹಿಂದೆ ನಾನು ಬತ್ತೀನಿ" ಎಂದು ಮೊಮ್ಮಗಳು ಭವ್ಯ ಹೇಳಿದರೆ ಗದರಿಸಿ ಮುಂದಕ್ಕೆ ಅಟ್ಟುತ್ತಾಳೆ. ದೊಡ್ಡಮಳೂರಿನ ಕಡೆ ತಿರುಗುವಲ್ಲಿ ಬೆನ್ನ ಹಿಂದೆ ಲಾರಿಯ ಹಾರನ್ ಮೊರೆದಾಗ ಸಾಲಿಗೆ ಸಾಲೇ ಎಡಕ್ಕೆ, ಮಣ್ಣಿನ ಅಂಚಿಗೆ ಒತ್ತುತ್ತದೆ. "ಎಡಕ್ಕೆ ಬನ್ರೋ!" ಎಂದು ಅಂಕಮ್ಮ ಕೂಗುತ್ತಾಳೆ. ಅವಳ ಸೈಕಲ್ಲು ಮಾತ್ರ ಒಂದು ಮೊಳ ಬಲಕ್ಕೆ ಸರಿಯುತ್ತದೆ, ಲಾರಿಗೂ ಸಾಲಿನ ಮಕ್ಕಳಿಗೂ ನಡುವೆ.