ಮರಳಿನ ಮೇಲಿನ ಸುತ್ತು

ಅವರ ಪ್ಯಾಂಟಿನ ಕೆಳಮಡಿಕೆಯಲ್ಲಿ ಯಾವಾಗಲೂ ಮರಳಿರುತ್ತಿತ್ತು. ಕುರ್ಚಿಯಲ್ಲಿ ಕೂತು ಕಾಲ ಮೇಲೆ ಕಾಲು ಹಾಕಿದರೆ ಸಾಕು, ಸಣ್ಣಗೆ ಸುರಿದು ನೆಲದ ಮೇಲೆ ಚಿಟಿಕೆಯಷ್ಟು ಗುಡ್ಡೆಯಾಗುತ್ತಿತ್ತು. "ಸಾಹೇಬ್ರು ದಿನಾ ಹೊಳೆ ದಾಟ್ಕೊಂಡು ಬರ್ತಾರೇನೋ" ಎಂದು ಕಸ ಗುಡಿಸುವ ಆಯಾ ಗೊಣಗುತ್ತಿದ್ದಳು.

ಎಪ್ಪತ್ತರ ದಶಕದ ಕೊನೆಯ ಮಾತು. ಜಯನಗರದಲ್ಲಿ ರಸ್ತೆಗಳ ನಕ್ಷೆ ತಯಾರಿಸುವ ಒಂದು ಕಚೇರಿ. ಅವರು ಅಲ್ಲಿ ಇಂಜಿನಿಯರು, ನಾನು ಟ್ರೇಸರ್. ಅಂದರೆ ಅವರು ಪೆನ್ಸಿಲ್ಲಿನಲ್ಲಿ ಬರೆದ ನಕ್ಷೆಯ ಮೇಲೆ ಟ್ರೇಸಿಂಗ್ ಬಟ್ಟೆ ಹಾಸಿ, ಗೆರೆ ತಪ್ಪದಂತೆ ಇಂಕಿನಲ್ಲಿ ತೆಗೆಯುವವಳು. ನೌಕರಿ ತಾತ್ಕಾಲಿಕ. ಅಪ್ಪ ತೀರಿಕೊಂಡು ವರ್ಷವಾಗಿತ್ತು. ನನ್ನ ಸಂಬಳದಲ್ಲಿ ಅಮ್ಮ ಮತ್ತು ಇಬ್ಬರು ತಮ್ಮಂದಿರ ಊಟ ನಡೆಯಬೇಕಿತ್ತು.

ಅವರಿಗೊಂದು ಹುಚ್ಚಿತ್ತು. ನಾಲ್ಕು ರಸ್ತೆ ಸೇರುವ ಇಕ್ಕಟ್ಟಾದ ಕಡೆ ಪುಟ್ಟ ಸರ್ಕಲ್ ಕಟ್ಟಬೇಕೆಂಬ ಹುಚ್ಚು. ಕಾರಂಜಿ, ಹೂಗಿಡ ಎಲ್ಲ ಇರುವ ದೊಡ್ಡ ಸರ್ಕಲ್ ಅಲ್ಲ. ಒಂದೆರಡು ಮಾರು ಅಗಲದ, ಬಸ್ಸಿನ ಹಿಂದಿನ ಚಕ್ರ ಬೇಕಾದರೆ ಹತ್ತಿ ಇಳಿಯಬಹುದಾದ ತಗ್ಗು ಕಟ್ಟೆ. ಕಚೇರಿಯವರು ಅದಕ್ಕೆ 'ಉದ್ದಿನ ವಡೆ' ಎಂದು ಹೆಸರಿಟ್ಟಿದ್ದರು. ಅವರಿಗೂ ಅದು ಗೊತ್ತಿತ್ತು. ಊಟದ ಹೊತ್ತಿನಲ್ಲಿ ಇಂಕಿನ ಬಾಟಲಿಯನ್ನು ಮೇಜಿನ ನಡುವೆ ಇಟ್ಟು, ನಮ್ಮ ಡಬ್ಬಿಗಳ ಮುಚ್ಚಳಗಳನ್ನು ಅದರ ಸುತ್ತ ಓಡಿಸಿ ತೋರಿಸುತ್ತಿದ್ದರು. "ಬಲಗಡೆಯಿಂದ ಬರೋನಿಗೆ ದಾರಿ ಬಿಡು, ಆಮೇಲೆ ನೀನು ಹೋಗು. ಅಷ್ಟೇ ಕಣಮ್ಮ. ಯಾರೂ ನಿಂತು ಕಾಯ್ಬೇಕಾಗಿಲ್ಲ, ಯಾರೂ ನುಗ್ಗೋ ಹಾಗೂ ಇಲ್ಲ." ಮುಚ್ಚಳ ವಾಪಸ್ ಕೊಡುವುದನ್ನು ಮಾತ್ರ ಮರೆಯುತ್ತಿದ್ದರು. ನಮ್ಮ ಸಾರು ತಣ್ಣಗಾಗುತ್ತಿತ್ತು.

ಮರಳಿನ ವಿಷಯ ಹೀಗೆ. ಸರ್ಕಲ್ ಎಲ್ಲಿ ಕಟ್ಟಬೇಕೆಂದು ತೀರ್ಮಾನಿಸುವ ಮೊದಲು ಅವರು ಬೆಳಗಿನ ಜಾವಕ್ಕೇ ಹೋಗಿ, ಆ ಕೂಡುರಸ್ತೆಯ ತುಂಬ ಜರಡಿ ಹಿಡಿದ ಸಣ್ಣ ಮರಳನ್ನು ತೆಳ್ಳಗೆ ಹರಡಿಸುತ್ತಿದ್ದರು. ಒಂದು ಗಂಟೆಯ ನಂತರ ಚಕ್ರಗಳ ಗುರುತು ನೋಡಿ ಹಾಳೆಯ ಮೇಲೆ ಇಳಿಸಿಕೊಳ್ಳುವುದು. ಕಟ್ಟಿದ ಮೇಲೂ ಹಾಗೆಯೇ ಮಾಡಿ, ಎರಡು ಹಾಳೆಗಳನ್ನೂ ಪಕ್ಕದಲ್ಲಿಟ್ಟು ನೋಡುವುದು. "ಜನಾನ ಕೇಳಿದ್ರೆ ಎಲ್ರೂ ನಿಧಾನವಾಗೇ ಹೋದೆ ಅಂತಾರೆ. ಚಕ್ರಕ್ಕೆ ಸುಳ್ಳು ಹೇಳೋಕೆ ಬರಲ್ಲ" ಎನ್ನುತ್ತಿದ್ದರು. ಒಮ್ಮೆ ಸ್ಕೂಟರು ಎಣಿಸಲು ನಿಂತಿದ್ದ ಗುಮಾಸ್ತನೊಬ್ಬ ಕಾಫಿಗೆ ಹೋಗಿ ಬಂದು, ಆ ಅರ್ಧ ಗಂಟೆಗೆ ಅಂದಾಜಿನ ಸಂಖ್ಯೆ ಬರೆದಿದ್ದ. ಇವರು ಬೈಯಲಿಲ್ಲ. ಇಡೀ ದಿನದ ಹಾಳೆಯನ್ನು ಹರಿದು, ಮರುದಿನ ತಾವೇ ಕೊಡೆ ಹಿಡಿದು ಸಂಜೆಯವರೆಗೆ ನಿಂತು ಎಣಿಸಿದರು. "ನೋಡದೇ ಇದ್ದಿದ್ದನ್ನ ಬರೀಬಾರದು" ಎಂದರು, ಅಷ್ಟೇ.

ನನ್ನ ತಪ್ಪಾದದ್ದು ಯಡಿಯೂರು ಕೆರೆಯ ಹತ್ತಿರದ ಒಂದು ಕೂಡುರಸ್ತೆಯ ನಕ್ಷೆಯಲ್ಲಿ. ಹಳ್ಳಿಯ ಹಳೆಯ ನಕ್ಷೆಯನ್ನು ಹೊಸ ಹಾಳೆಯ ಮೇಲಿಟ್ಟು, ಬೇಕಾದ ಬಿಂದುಗಳನ್ನು ಸೂಜಿಯಿಂದ ಚುಚ್ಚಿ ಕೆಳಗಿಳಿಸುವುದು ಆಗಿನ ಪದ್ಧತಿ. ಹಾಗಾಗಿ ಆ ಹಾಳೆಯಲ್ಲಿ ರಸ್ತೆಗಳು ಕೂಡುವ ಕಡೆ ಎರಡು ತೂತುಗಳಿದ್ದವು. ಒಂದು ಅವರು ಸರ್ಕಲ್ಲಿಗೆ ಕೈವಾರ ಊರಿದ ತೂತು, ಇನ್ನೊಂದು ಹಳೆಯ ನಕ್ಷೆಯಿಂದ ಇಳಿದದ್ದು. ಮಾಸಿದ ಪೆನ್ಸಿಲ್ ಸುತ್ತು ಬಟ್ಟೆಯಡಿ ಸರಿಯಾಗಿ ಕಾಣದೆ, ನಾನು ಎರಡನೆಯದನ್ನೇ ನಡುಬಿಂದುವೆಂದು ತಿಳಿದು ಸುತ್ತು ಎಳೆದುಬಿಟ್ಟೆ. ಯಾರ ಕಣ್ಣಿಗೂ ಬೀಳಲಿಲ್ಲ. ಮೇಸ್ತ್ರಿ ಅಲ್ಲೇ ಗೂಟ ಹೊಡೆದ. ಅದೇ ಸಂಜೆ ತಪಾಸಣೆಗೆ ಬಂದ ದೊಡ್ಡ ಸಾಹೇಬರು ಟೇಪು ಹಿಡಿಸಿದರು. ಪೆನ್ಸಿಲ್ಲಿನ ಮೂಲ ನಕ್ಷೆಯಲ್ಲಿದ್ದ ಜಾಗಕ್ಕಿಂತ ಗೂಟ ಆರಡಿ ಪಕ್ಕಕ್ಕಿತ್ತು.

"ಟ್ರೇಸ್ ಮಾಡಿದ್ದು ಯಾರು?" ಎಂದರು ದೊಡ್ಡ ಸಾಹೇಬರು. ನಾನು ನಕ್ಷೆಯ ಸುರುಳಿ ಹಿಡಿದು ಅಲ್ಲೇ ನಿಂತಿದ್ದೆ. "ಈ ಹುಡುಗೀನಾ? ನಾಳೆಯಿಂದ ಬರೋದು ಬೇಡ ಅಂತ ಹೇಳಿ."

ನಮ್ಮ ಇಂಜಿನಿಯರು ಗೂಟವನ್ನೇ ನೋಡುತ್ತಿದ್ದರು. "ಅದು ತಪ್ಪಲ್ಲ ಸಾರ್. ನಾನೇ ಸರಿಸಿದ್ದು. ಮರಳು ಹಾಕಿ ನೋಡಿದೀನಿ. ಗಾಡಿಗಳು ಆ ಜಾಗಾನ ತುಳೀದೆ, ಸುತ್ತ ಬಳಸ್ಕೊಂಡೇ ಹೋಗ್ತಾ ಇವೆ."

ಮರಳಿನ ಹಾಳೆಗಳನ್ನೆಲ್ಲ ಜೋಡಿಸಿಡುತ್ತಿದ್ದವಳು ನಾನು. ತಪಾಸಣೆಯೊಳಗೆ ಗೂಟ ಹೊಡೆಯಬೇಕೆಂಬ ಅವಸರದಲ್ಲಿ ಆ ಒಂದು ಕೂಡುರಸ್ತೆಗೆ ಮಾತ್ರ ಇನ್ನೂ ಮರಳೇ ಹಾಕಿರಲಿಲ್ಲ.

"ಹೌದಾ? ಹಾಗಾದ್ರೆ ನಾಳೆ ಬೆಳಿಗ್ಗೆ ನನ್ನೆದುರಿಗೇ ಹಾಕಿ ತೋರ್ಸಿ. ಇಲ್ಲಾಂದ್ರೆ ಇವಳ ಜೊತೆ ನೀವೂ ಉತ್ತರ ಹೇಳ್ಬೇಕಾಗತ್ತೆ" ಎಂದು ಗೂಟ ಕೀಳಿಸಿ, ಗುಳಿ ಮುಚ್ಚಿಸಿ ಹೋದರು.

ಮರುದಿನ ಬೆಳಗಿನ ಜಾವ ಹೋದಾಗ ಕೆರೆಯ ಮೇಲಿಂದ ಮಂಜು ರಸ್ತೆಗೆ ಇಳಿದಿತ್ತು. ಕೂಲಿಗಳು ಮರಳು ಹರಡಿದರು. ಎಲ್ಲಿಯೂ ಏನೂ ಇರಲಿಲ್ಲ, ಗೂಟದ ಗುಳಿಯ ಗುರುತೂ ಇರಲಿಲ್ಲ. ನಾವಿಬ್ಬರೂ ಒಂದು ಬೇವಿನ ಮರದ ಕೆಳಗೆ ನಿಂತೆವು. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಹಾಲಿನ ವ್ಯಾನು ಹೋದ ಸದ್ದು, ಒಂದು ಬಸ್ಸು, ನಾಲ್ಕಾರು ಸೈಕಲ್ಲು, ಸ್ಕೂಟರುಗಳು, ಬೇಗೂರಿನ ಕಡೆಯಿಂದ ಸೊಪ್ಪು ಹೊತ್ತ ಎತ್ತಿನ ಗಾಡಿ. ಮಂಜಿನಲ್ಲಿ ದೀಪಗಳು ಮಾತ್ರ ಕಾಣುತ್ತಿದ್ದವು. ಒಂದೊಂದು ದೀಪವೂ ನೇರ ಬಂದು, ಒಂದು ಕಡೆ ಸ್ವಲ್ಪ ಓರೆಯಾಗಿ, ಮತ್ತೆ ನೇರವಾಗುತ್ತಿತ್ತು.

ಮಂಜು ಕರಗಿದ ಮೇಲೆ ದೊಡ್ಡ ಸಾಹೇಬರು ಬಂದರು. ಮರಳಿನ ಮೇಲೆ ಎಲ್ಲ ಗುರುತುಗಳೂ ಇದ್ದವು. ಬಸ್ಸಿನ ಅಗಲ ಚಕ್ರ, ಸೈಕಲ್ಲಿನ ಗೆರೆ, ಎತ್ತಿನ ಗೊರಸು. ಗೂಟವಿದ್ದ ಜಾಗದಲ್ಲಿ ಮಾತ್ರ ಚಾಪೆಯಷ್ಟಗಲದ ಮರಳು ಹರಡಿದ ಹಾಗೆಯೇ ಇತ್ತು. ಅದನ್ನು ಯಾವ ಚಕ್ರವೂ ಮುಟ್ಟಿರಲಿಲ್ಲ. ಒಂದು ನಾಯಿ ರಸ್ತೆ ದಾಟಿತ್ತು. ಅದರ ಹೆಜ್ಜೆಯೂ ಬಳಸಿಕೊಂಡೇ ಹೋಗಿತ್ತು. "ಭೇಷ್. ಅಲ್ಲೇ ಕಟ್ಟಿಸಿ" ಎಂದು ದೊಡ್ಡ ಸಾಹೇಬರು ಇವರ ಬೆನ್ನು ತಟ್ಟಿ ಕಾರು ಹತ್ತಿದರು.

ನನಗೆ ಅಳು ಬಂತು, ಕೆಲಸ ಉಳಿಯಿತೆಂಬ ಸಂತೋಷಕ್ಕೆ. ಇವರ ಮುಖದಲ್ಲಿ ಮಾತ್ರ ರಕ್ತವೇ ಇರಲಿಲ್ಲ. "ನಾನು ಸುಳ್ಳು ಹೇಳಿದ್ದೆ ಕಣಮ್ಮ" ಎಂದರು ಮೆಲ್ಲಗೆ. "ಇವತ್ತು ಇಲ್ಲೇ ಒಪ್ಕೊಂಡು ರಾಜೀನಾಮೆ ಕೊಡೋಣ ಅಂತ ಕಾಗದ ಬರ್ಕೊಂಡ್ ಬಂದಿದ್ದೆ." ಜೇಬಿನಿಂದ ಮಡಿಸಿದ ಹಾಳೆ ತೆಗೆದು ತೋರಿಸಿದರು.

ಕಾರಣ ಹುಡುಕದೆ ಬಿಡುವ ಜಾತಿಯಲ್ಲ ಅವರು. ಲೆವೆಲ್ ಯಂತ್ರ ತಂದು ನೆಲ ಅಳೆದರು. ತಗ್ಗೂ ಇರಲಿಲ್ಲ, ಉಬ್ಬೂ ಇರಲಿಲ್ಲ. ಹಳ್ಳಿಯ ಹಳೆಯ ನಕ್ಷೆ ಬಿಚ್ಚಿದರು. ಬಾವಿಗೆ, ಮರಕ್ಕೆ, ಗುಡಿಗೆ, ಕಲ್ಲಿಗೆ ಒಂದೊಂದು ಗುರುತಿರುತ್ತದೆ. ಆ ಜಾಗದಲ್ಲಿದ್ದದ್ದು ಒಂದು ಸಣ್ಣ ಸುತ್ತು. ಗುರುತುಗಳ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಕೊನೆಗೆ ಮೂಲೆಯಲ್ಲಿ ಹೂವು ಮಾರುತ್ತಿದ್ದ ಯಡಿಯೂರಿನ ಅಜ್ಜಿಯನ್ನು ಕೇಳಿದರು, ಇಲ್ಲಿ ಮೊದಲು ಏನಿತ್ತು ಎಂದು.

"ಏನೂ ಇರ್ಲಿಲ್ಲ ಸ್ವಾಮಿ" ಎಂದಳು ಅಜ್ಜಿ, ದಾರದಿಂದ ಕಣ್ಣೆತ್ತದೆ. "ನಮ್ಮ ತಾತನ ಕಾಲದಲ್ಲೂ ಏನೂ ಇರ್ಲಿಲ್ವಂತೆ. ಆದ್ರೂ ಬಳಸ್ಕೊಂಡೇ ಹೋಗೋದು."

ಪುಟ್ಟ ಸರ್ಕಲ್ ಅಲ್ಲಿಯೇ ಎದ್ದಿತು. ಚೆನ್ನಾಗಿಯೇ ಕೆಲಸ ಮಾಡಿತು. ಅವರು ಮೊದಲಿನಂತೆಯೇ ನಿಂತು ಎಣಿಸಿದರು. ಸ್ಕೂಟರುಗಳು ಗುದ್ದಿಕೊಳ್ಳುವುದು ನಿಂತಿತ್ತು, ಬಸ್ಸು ಕಾಯುವುದು ಕಡಿಮೆಯಾಗಿತ್ತು. ವರದಿಯಲ್ಲಿ ಅದನ್ನೆಲ್ಲ ಬರೆದರು. ಜಾಗ ಆರಿಸಿದ್ದು ಹೇಗೆ ಎಂಬಲ್ಲಿ ಮಾತ್ರ ಖಾಲಿ ಬಿಟ್ಟರು. ಆಮೇಲೆ ಅವರು ಎಂದೂ ಮರಳು ಹಾಕಿಸಲಿಲ್ಲ. ಪ್ಯಾಂಟಿನ ಮಡಿಕೆ ಬರಿದಾಯಿತು. ಆಯಾ ಕೂಡ "ಸಾಹೇಬ್ರಿಗೆ ಹುಷಾರಿಲ್ವಾಮ್ಮ?" ಎಂದು ನನ್ನನ್ನು ಕೇಳಿದಳು.

ನನ್ನ ನೌಕರಿ ಕಾಯಂ ಆಯಿತು. ತಮ್ಮಂದಿರು ಓದಿ ದಡ ಸೇರಿದರು. ಅವರು ನಿವೃತ್ತರಾದ ಮೇಲೆ ರಸ್ತೆ ಅಗಲ ಮಾಡಿ, ಸಿಗ್ನಲ್ ದೀಪ ಹಾಕಿ, ಸರ್ಕಲ್ಲನ್ನು ಕಿತ್ತು ಟಾರು ಬಳಿದರು. ಆಗಾಗ ಅವರ ಮನೆಗೆ ಹೋಗುತ್ತಿದ್ದೆ. ಆ ಬೆಳಿಗ್ಗೆಯ ವಿಷಯ ಇಬ್ಬರೂ ಎತ್ತುತ್ತಿರಲಿಲ್ಲ. ಒಂದು ಸಲ ಮಾತ್ರ, ಬಾಗಿಲ ತನಕ ಬಂದು, "ನಾನು ಹೇಳಿದ ಮೇಲೆ ಅದು ಆಯ್ತೋ, ಮೊದಲೇ ಇತ್ತೋ, ಅದೊಂದು ತಿಳೀಲಿಲ್ಲ ನೋಡು" ಎಂದರು.

ಎಂಬತ್ತರ ದಶಕದ ಕೊನೆಯಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡರು. ದೇಹವನ್ನು ಮನೆಗೆ ತರುವ ವ್ಯಾನಿನಲ್ಲಿ ಅವರ ಹೆಂಡತಿಯ ಜೊತೆ ನಾನೂ ಕೂತಿದ್ದೆ. ಮಧ್ಯಾಹ್ನದ ಬಿಸಿಲು, ರಸ್ತೆ ಖಾಲಿ. ಯಡಿಯೂರಿನ ಕೂಡುರಸ್ತೆಯಲ್ಲಿ ಹಸಿರು ದೀಪವಿತ್ತು. ವ್ಯಾನು ನಿಧಾನವಾಯಿತು, ಎಡಕ್ಕೆ ಓರೆಯಾಯಿತು, ಏನೂ ಇಲ್ಲದ ಜಾಗವನ್ನು ಬಳಸಿಕೊಂಡು ಮತ್ತೆ ನೇರವಾಯಿತು. ನಾನು ಸ್ಟ್ರೆಚರಿನ ಕಂಬಿ ಹಿಡಿದುಕೊಂಡೆ.

ಮನೆಯ ಹತ್ತಿರ ಇಳಿದ ಮೇಲೆ ಡ್ರೈವರನ್ನು ಕೇಳಿದೆ. ಕೋಲಾರದ ಕಡೆಯವನು, ಕೆಲಸಕ್ಕೆ ಸೇರಿ ಎರಡು ದಿನವಾಗಿತ್ತಂತೆ. "ಅಲ್ಲಿ ಯಾಕಪ್ಪ ಸುತ್ತು ಹಾಕಿದೆ?"

"ಎಲ್ಲಿ ಮೇಡಂ? ನೇರವಾಗೇ ಬಂದ್ನಲ್ಲ" ಎಂದ.

ನಾನು ಒಳಗೆ ಹೋಗಿ ಅವರ ಕಾಲಿಗೆ ನಮಸ್ಕಾರ ಮಾಡಿದೆ. ಜೀವಮಾನದಲ್ಲಿ ಅವರು ಹೇಳಿದ್ದು ಒಂದೇ ಸುಳ್ಳು, ಅದೂ ನನ್ನ ಅನ್ನಕ್ಕಾಗಿ. ಅದು ಆವತ್ತಿಗೂ ಸುಳ್ಳಾಗಿರಲಿಲ್ಲ.