ಬೀಗರ ಮನೆಯ ನೀರು, ನಮ್ಮ ಮನೆಯ ಇದ್ದಿಲು

ಮಗಳನ್ನು ಕೊಡುವ ಮನೆ ನೋಡಲು ಹೋದಾಗ ಏನೇನು ನೋಡಬೇಕು? ಮನೆ, ಕೊಟ್ಟಿಗೆ, ತೋಟ, ಅತ್ತೆಯಾಗುವವರ ಮುಖ. ನಮ್ಮ ಯಜಮಾನರು ನೋಡಿದ್ದು ನೀರಿನ ಲೋಟ.

ಕಳೆದ ಭಾನುವಾರ, ಹಗರೆಯ ಹುಡುಗನ ಮನೆಯಲ್ಲಿ. ಹುಡುಗನ ತಾಯಿ ತಟ್ಟೆಯಲ್ಲಿ ಬೆಲ್ಲದ ಚೂರು, ಫಳಫಳ ಹೊಳೆಯುವ ಲೋಟಗಳಲ್ಲಿ ನೀರು ತಂದಿಟ್ಟರು. ನಾನು ಕೈ ಚಾಚುವಷ್ಟರಲ್ಲಿ ಇವರು, "ಬೇಡಮ್ಮ, ನಾವು ನೀರು ತಂದಿದ್ದೀವಿ" ಎಂದರು. ಎಂದವರೇ ನನ್ನ ಬ್ಯಾಗಿನಿಂದ ಬಾಟಲಿ ತೆಗೆದು, ಎಲ್ಲರೆದುರು ಎರಡು ಗುಟುಕು ಕುಡಿದು, ಮತ್ತೆ ಬ್ಯಾಗಿಗೇ ಹಾಕಿದರು.

ಹುಡುಗನ ತಾಯಿ ಲೋಟಗಳನ್ನು ಇನ್ನಷ್ಟು ನಮ್ಮ ಹತ್ತಿರ ಸರಿಸಿದರು.

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಮನೆ ನೋಡಲು ಬಂದವರು ಬೆಲ್ಲ, ನೀರು ಮುಟ್ಟದೆ ಎದ್ದು ಹೋದರೆ ಬಾಯಿಬಿಟ್ಟು ಏನೂ ಹೇಳಬೇಕಾಗಿಲ್ಲ. ಸಂಬಂಧ ಬೇಡ ಅಂತಲೇ ಅರ್ಥ. ಅತ್ತ ಅರಸೀಕೆರೆಯ ನಮ್ಮ ಮನೆಯಲ್ಲಿ ಮಗಳು ಸಹನಾ ಫೋನ್ ಕೈಯಲ್ಲಿ ಹಿಡಿದು ಕಾಯುತ್ತಾ ಕೂತಿದ್ದಳು. ಇತ್ತ ಅವಳಪ್ಪ ಬಾಟಲಿ ಮುಚ್ಚಳ ತಿರುಗಿಸುತ್ತಿದ್ದರು!

ಇದಕ್ಕೆಲ್ಲ ಮೂಲ ಒಂದು ಲೇಖನ. ನಮ್ಮವರು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ರಿಟೈರ್ ಆದವರು. ಪಾಠ ಮಾಡುವ ಚಟ ಮಾತ್ರ ರಿಟೈರ್ ಆಗಿಲ್ಲ. ಎಲ್ಲೋ ಪಿಎಫ್‌ಎಎಸ್ ಎಂಬ ಕೆಮಿಕಲ್ಲುಗಳ ಬಗ್ಗೆ ಓದಿದರು. ಅವತ್ತಿಗೆ ನಮ್ಮ ಮನೆಯ ನೆಮ್ಮದಿ ಮುಗಿಯಿತು.

ಇವು ಮನುಷ್ಯರೇ ಮಾಡಿದ ಫ್ಲೋರಿನ್ ಇರುವ ಕೆಮಿಕಲ್ಲುಗಳಂತೆ. ದೋಸೆ ಅಂಟದ ತವಾ, ನೀರು ಹಿಡಿಯದ ರೇನ್‌ಕೋಟು, ಎಣ್ಣೆ ಇಳಿಯದ ತಿಂಡಿ ಪೊಟ್ಟಣ, ಇಂಥ ಕಡೆಯೆಲ್ಲ ಬಳಕೆಯಾಗಿ ಮಣ್ಣು ಸೇರಿ, ನೀರು ಸೇರಿದರೆ ಕೊಳೆತು ಹಾಳಾಗುವ ಮಾತೇ ಇಲ್ಲವಂತೆ. ಕುದಿಸಿದರೂ ಹೋಗುವುದಿಲ್ಲ. ನೀರು ಆವಿಯಾಗುತ್ತದೆ, ಅವು ಪಾತ್ರೆಯಲ್ಲೇ ಉಳಿಯುತ್ತವೆ. ಮೈಯೊಳಗೆ ಸೇರಿದರೂ ವರ್ಷಗಟ್ಟಲೆ ಕೂತು ಕಾಯಿಲೆ ತರಬಹುದಂತೆ. (ಬಂದ ಮೇಲೆ ಹೊರಡುವ ಮಾತೇ ಎತ್ತದ ನೆಂಟರನ್ನು ನೀವೂ ನೋಡಿದ್ದೀರಿ.)

ಪಕ್ಕದ ಮನೆಯ ಗೌರಮ್ಮ, "ಅದೇ ಅಲ್ವಾ ಮೇಷ್ಟ್ರೇ, ಬೋರ್ ನೀರು ಕುಡುದ್ರೆ ಹಲ್ಲು ಹಳದಿ ಆಯ್ತದಲ್ಲ?" ಎಂದರು. "ಅದು ಫ್ಲೋರೈಡ್ ಕಣಮ್ಮಾ, ಕಲ್ಲಿಂದ ಬರೋದು. ಇದು ಫ್ಯಾಕ್ಟರಿಯಿಂದ ಬರೋದು" ಎಂದು ಶುರುವಾದ ಪಾಠ ಮುಗಿಯುವ ಹೊತ್ತಿಗೆ ಗೌರಮ್ಮನ ಒಲೆ ಮೇಲಿನ ಹಾಲು ಉಕ್ಕಿ ಹೋಗಿತ್ತು.

"ನಮ್ಮ ನೀರಲ್ಲಿ ಅದು ಇದೆಯಾ?" ಎಂದು ಕೇಳಿದೆ.

"ಗೊತ್ತಿಲ್ಲ. ಟೆಸ್ಟ್ ಮಾಡಿಸಿದವರು ಯಾರು?"

"ಇಲ್ಲದೇನೂ ಇರಬಹುದಲ್ಲ?"

"ಇರಲೂಬಹುದಲ್ಲ!"

ಇಂಥವರ ಹತ್ತಿರ ವಾದ ಮಾಡಿ ಗೆದ್ದ ಹೆಂಡತಿ ಯಾರಾದರೂ ಇದ್ದರೆ ನನಗೆ ಬರೆಯಿರಿ.

ನನ್ನ ನಾನ್‌ಸ್ಟಿಕ್ ತವಾ ಅಟ್ಟ ಸೇರಿತು. ಸಿಂಕ್ ಪಕ್ಕಕ್ಕೆ ಉದ್ದನೆಯ ಫಿಲ್ಟರ್ ಬಂತು. ಅದರ ಹೊಟ್ಟೆಯೊಳಗೆ ಏನಿದೆ ಅಂತೀರಿ? ತೆಂಗಿನ ಚಿಪ್ಪಿನ ಇದ್ದಿಲು! ಚಿಪ್ಪನ್ನು ಸುಟ್ಟು, ಹಬೆ ಹಾಯಿಸಿ ಹದ ಮಾಡಿದರೆ ಇದ್ದಿಲಿನ ತುಂಬ ಕಣ್ಣಿಗೆ ಕಾಣದ ತೂತುಗಳಾಗುತ್ತವಂತೆ. ಆ ಕೆಮಿಕಲ್ಲುಗಳು ಅಲ್ಲಿ ಬಂದು ಅಂಟಿಕೊಳ್ಳುತ್ತವಂತೆ. ನಮ್ಮ ಹಿತ್ತಲಿನ ತೆಂಗಿನ ಚಿಪ್ಪನ್ನು ನಾನು ಇಷ್ಟು ವರ್ಷ ಹಂಡೆ ಒಲೆಗೆ ತುರುಕಿದ್ದೆ. ಈಗ ಅದೇ ಚಿಪ್ಪು ಊರೆಲ್ಲ ಸುತ್ತಿ, ಇಂಗ್ಲಿಷ್ ಹೆಸರಿಟ್ಟುಕೊಂಡು, ನನ್ನ ಅಡುಗೆಮನೆಗೇ ವಾಪಸ್ ಬಂದಿತ್ತು.

ಅದೂ ಸಾಲದೆ ಎಲ್ಲಿಗೆ ಹೋದರೂ ಫಿಲ್ಟರ್ ನೀರಿನ ಬಾಟಲಿ. ಮದುವೆ ಮನೆಗೆ ಬಾಟಲಿ, ಮಠಕ್ಕೆ ಬಾಟಲಿ. ಬಾಟಲಿ ಅವರದ್ದು, ಹೊರುವ ಬ್ಯಾಗು ನನ್ನದು.

ಈ ನಡುವೆ ಸಹನಾಳ ವಿಷಯ ಹೊರಗೆ ಬಂತು. ಅವಳು ಬೇಲೂರಿನ ಶಾಲೆಯಲ್ಲಿ ಟೀಚರ್. ಹಗರೆಯ ಕಿರಣ ಅವಳಿಗೆ ಬೇಲೂರಿಗೆ ಹೋಗುವ ಬಸ್ಸಿನಲ್ಲಿ ಪರಿಚಯವಾದವನು. ಹಸು ಸಾಕುತ್ತಾನೆ, ತೋಟ ನೋಡಿಕೊಳ್ಳುತ್ತಾನೆ, ಮಾತು ಕಮ್ಮಿ. (ನಮ್ಮ ಮನೆಗೆ ಬೇಕಾಗಿದ್ದೇ ಅದು.) ನಮ್ಮ ಜನವೇ, ಯಾರದ್ದೂ ತಕರಾರಿಲ್ಲ. ಮನೆ ನೋಡಿ ಬರುವುದೊಂದು ಬಾಕಿ. ಹೊರಡುವಾಗ ಸಹನಾ ನನ್ನ ಕೈ ಹಿಡಿದು, "ಅಮ್ಮಾ, ಅಪ್ಪಂಗೆ ಅಲ್ಲಿ ಕ್ಲಾಸ್ ತಗೋಬೇಡಿ ಅಂತ ಹೇಳಮ್ಮಾ. ಇದೊಂದು ಕೆಡಿಸಬೇಡಿ" ಎಂದಳು. ಕಣ್ಣು ತುಂಬಿತ್ತು.

ಸರಿ, ಹಗರೆಯ ನಡುಮನೆಗೆ ಬರೋಣ.

ಮೊದಲು ಬಾಯಿಬಿಟ್ಟದ್ದು ಕಿರಣನ ಅಜ್ಜಿ. "ಯಾಕ್ ಮೇಷ್ಟ್ರೇ, ನಮ್ಮನೆ ನೀರು ಸೇರಲ್ವಾ?"

"ಹಂಗಲ್ಲಜ್ಜಿ, ನೀರಿನಲ್ಲಿ ಕಣ್ಣಿಗೆ ಕಾಣದ..." ಕ್ಲಾಸ್ ಶುರು! ಕಾರ್ಬನ್ ಅಂತೆ, ಫ್ಲೋರಿನ್ ಅಂತೆ, ಅವೆರಡರ ಬಿಗಿ ಬಂಧ ಅಂತೆ. ಹುಡುಗನ ಅಪ್ಪನ ಮುಖ ಕಪ್ಪಿಟ್ಟಿತು. "ನಮ್ಮ ತಾತನ ಕಾಲದಿಂದ ಇದೇ ನೀರು ಕುಡ್ದಿದೀವಿ ಸ್ವಾಮಿ. ಯಾರೂ ಹಿಂಗಂದಿರಲಿಲ್ಲ" ಎಂದು ಎದ್ದೇ ನಿಂತರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಷ್ಟರಲ್ಲಿ ಕಿರಣ ಎದ್ದು ಹಿತ್ತಲಿಗೆ ಹೋದ. ಮಚ್ಚಿನ ಸದ್ದು ಕೇಳಿಸಿತು. ಎಳನೀರು ಕೆತ್ತಿಕೊಂಡು ಬಂದು ಮಾವನಾಗುವವರ ಕೈಗೆ ಕೊಟ್ಟ.

"ಆಹಾ! ಇದು ನೋಡಿ ಪ್ಯೂರ್!" ಎಂದು ನಮ್ಮವರು ಬುರುಡೆ ಎತ್ತಿ ಗಟಗಟ ಇಳಿಸಿದರು. ಎಲ್ಲರಿಗೂ ಸ್ವಲ್ಪ ಉಸಿರು ಬಂತು.

ಅಜ್ಜಿ ಮಾತ್ರ ಬಿಡಲಿಲ್ಲ. "ಆ ಮರಕ್ಕೆ ಬಿಡೋದೂ ಇದೇ ಬೋರಿನ ನೀರೇ ಅಲ್ವಾ ಮೇಷ್ಟ್ರೇ?"

ಗಿಡಗಳೂ ಬೇರಿನಿಂದ ಆ ಕೆಮಿಕಲ್ ಹೀರುತ್ತವೆ ಎಂದು ಹಿಂದಿನ ವಾರವಷ್ಟೇ ನನ್ನ ಪಾಲಕ್ ಸೊಪ್ಪಿನ ಸಾರನ್ನು ಪಕ್ಕಕ್ಕೆ ತಳ್ಳಿದ್ದ ಮಹಾನುಭಾವರು ಇವರೇ. ಖಾಲಿ ಬುರುಡೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಇನ್ನು ತಡೆದರೆ ಆಗದು ಎಂದು ನಾನು ಬೆಲ್ಲ ಬಾಯಿಗೆ ಹಾಕಿಕೊಂಡು ಪೂರ್ತಿ ಲೋಟ ನೀರು ಕುಡಿದೆ. ಒಂದು ದೊಡ್ಡ ಚೂರು ಬೆಲ್ಲ ಇವರ ಬಾಯಿಗೂ ತುರುಕಿದೆ.

ಗಾಬರಿಯಲ್ಲಿ ನುಂಗಿದ ಬೆಲ್ಲ ಗಂಟಲಲ್ಲಿ ಕೂತಿತು. ಕೆಮ್ಮು, ಬಿಕ್ಕಳಿಕೆ, ಕಣ್ಣಲ್ಲಿ ನೀರು. ಇವರ ಕೈ ನನ್ನ ಬ್ಯಾಗಿನ ಕಡೆ ಬಂತು. ನಾನು ಜಿಪ್ ಎಳೆದು ಬ್ಯಾಗನ್ನು ಸೆರಗಿನಡಿ ಇಟ್ಟುಕೊಂಡೆ. (ಪಾಪ ಬಂದರೆ ನನಗೇ ಬರಲಿ.) ಎದುರಿಗೆ ಹಗರೆಯ ನೀರಿನ ಲೋಟ. ಬೇರೆ ದಾರಿಯೇ ಇಲ್ಲ. ಎತ್ತಿ ಕುಡಿದರು, ತಳದವರೆಗೆ.

ಅಜ್ಜಿ ಚಪ್ಪಾಳೆ ತಟ್ಟಿ ನಕ್ಕರು. "ಇಳೀತಲ್ಲಪ್ಪಾ! ಇನ್ನೊಂದ್ ಲೋಟ ತತ್ತೀನಿ ಇರಿ!" ಹುಡುಗನ ಅಪ್ಪನೂ ನಕ್ಕರು, ಕೂತರು. ಮಾತು ಮದುವೆ ತಿಂಗಳಿನವರೆಗೆ ಹೋಯಿತು. ಹೊರಗೆ ಬಂದು ಫೋನ್ ಮಾಡಿದರೆ ಸಹನಾ ಮೊದಲು ಕೇಳಿದ್ದು, "ಅಪ್ಪ ನೀರು ಕುಡಿದ್ರಾ?" ಕುಡಿದರು ಕಣೇ ಎಂದೆ. ಅತ್ತ ಕಡೆಯಿಂದ ಬರೀ ಅಳು. ನಾನೂ ಅತ್ತೆ.

ಇವರನ್ನು ಗೇಲಿ ಮಾಡುತ್ತಿದ್ದೇನೆ ಅಂದುಕೊಳ್ಳಬೇಡಿ. ಅವರ ಭಯ ಸುಳ್ಳಲ್ಲ. ನಮ್ಮ ನೀರಿನಲ್ಲಿ ಏನಿದೆ ಎಂದು ನಮಗೆ ಗೊತ್ತಿಲ್ಲದಿರುವುದು ಖುಷಿಪಡುವ ವಿಷಯವೂ ಅಲ್ಲ. ಆದರೆ ಕಥೆ ಇನ್ನೂ ಮುಗಿದಿಲ್ಲ.

ಸೋಮವಾರ ಬೆಳಿಗ್ಗೆ ಇವರು ಫಿಲ್ಟರಿಗೆ ಹೊಸ ಇದ್ದಿಲು ತುಂಬಿದರು. ಹಳೆಯದನ್ನು ಬಕೆಟ್ಟಿನಲ್ಲಿ ಹಿತ್ತಲಿಗೆ ಒಯ್ದರು. ಅರಸೀಕೆರೆಯವರಿಗೆ ಗೊತ್ತಿರುವ ಜಾಗ ಒಂದೇ: ಪಾತ್ರೆ ತೊಳೆದ ನೀರಿರಲಿ, ಒಲೆ ಬೂದಿಯಿರಲಿ, ಎಲ್ಲ ತೆಂಗಿನ ಬುಡಕ್ಕೆ. ಇದನ್ನೂ ಅಲ್ಲಿಗೇ ಸುರಿದರು. ಅಷ್ಟೇ ಅಲ್ಲ, ಮೇಲೆ ಮಣ್ಣು ಎಳೆದು, ತೃಪ್ತಿಯಿಂದ ಕೈ ಕೊಡವಿಕೊಂಡರು.

"ರೀ, ನೀರಿಂದ ತೆಗೆದ ವಿಷ ಈಗೆಲ್ಲಿದೆ?" ಎಂದು ಕೇಳಿದೆ.

"ಇದ್ದಿಲಲ್ಲಿ."

"ಇದ್ದಿಲು?"

ಆಗ ಹೊಳೆಯಿತು, ಬಕೆಟ್ ಬಿಟ್ಟು ಮರದ ಬುಡಕ್ಕೆ ಓಡಿದರು. ಆ ಕೆಮಿಕಲ್ಲನ್ನು ನಾಶ ಮಾಡಬೇಕೆಂದರೆ ಭಾರೀ ಶಾಖ ಬೇಕಂತೆ, ನನ್ನ ಹಂಡೆ ಒಲೆಯದ್ದು ಏನೇನೂ ಸಾಲದಂತೆ. ಮಾರಿದವರಿಗೆ ಫೋನ್ ಮಾಡಿದರೆ, ವಾಪಸ್ ತೆಗೆದುಕೊಳ್ಳುವ ಪದ್ಧತಿ ಇಲ್ಲ ಅಂದರಂತೆ. ಈಗ ಸನಿಕೆ ಹಿಡಿದು ಬುಡ ಕೆರೆಯುತ್ತಿದ್ದಾರೆ. ಕೆರೆದದ್ದನ್ನು ಎಲ್ಲಿಗೆ ಹಾಕುತ್ತಾರೋ ಅವರಿಗೂ ಗೊತ್ತಿಲ್ಲ.

ಬರುವ ಭಾನುವಾರ ಹಗರೆಯ ಬೀಗರು ನಮ್ಮ ಮನೆಗೆ ಬರುತ್ತಿದ್ದಾರೆ, ಅಜ್ಜಿಯೂ ಬರುತ್ತಾರೆ. ನಮ್ಮ ಹಿತ್ತಲಿನಲ್ಲಿರುವುದು ಅದೊಂದೇ ಮರ. ಎಳನೀರು ಕೊಡಲೋ, ಬೇಡವೋ?